ಗವಾಗಳ ಹಿಂದೆ ಓಡಿದ ಹುಡುಗಿ

ನನಗೆ ಆಗ ಇಪ್ಪತ್ತಮೂರು. ಗಡಹಿಂಗ್ಲಜದ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಸಿಕ್ಕು ಎಂಟು ತಿಂಗಳಾಗಿತ್ತು. ಮಹಾರಾಷ್ಟ್ರ ರಾಜ್ಯವಾಗಿ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಶಾಲೆಯಲ್ಲಿ ಪಾಠ ಮರಾಠಿಯಲ್ಲಿ, ಗಂಟೆ ಬಾರಿಸಿದ ಮೇಲೆ ಹುಡುಗಿಯರ ಬಾಯಲ್ಲಿ ಕನ್ನಡ. ನಾನು ಭೂಗೋಳ ಕಲಿಸುತ್ತಿದ್ದೆ, ಸಂಜೆ ಕವಾಯತು ಮಾಡಿಸುತ್ತಿದ್ದೆ. ಇಚಲಕರಂಜಿಯ ನೇಕಾರರ ಓಣಿಯಲ್ಲಿ ಬೆಳೆದವಳು ನಾನು. ಹದಿನೆಂಟು ವರ್ಷದವರೆಗೆ ಮಗ್ಗದ ಸದ್ದು ಬಿಟ್ಟು ಬೇರೆ ಕೇಳಿರಲಿಲ್ಲ. ಹಾಗಾಗಿ ಬೆಟ್ಟವೆಂದರೆ ಹುಚ್ಚು. ನಕಾಶೆಯಲ್ಲಿ ಸಹ್ಯಾದ್ರಿಯ ಗೆರೆಯ ಮೇಲೆ ಬೆರಳಾಡಿಸುತ್ತ ಹುಡುಗಿಯರಿಗೆ ಹೇಳುತ್ತಿದ್ದೆ, ‘ಇದರ ತುದೀ ಮ್ಯಾಲ ನಿಂತ್ರ ಕೆಳಗ ಕೊಂಕಣ ಕಾಣಸ್ತೈತಿ.’ ನಾನೇ ಅದನ್ನು ಕಂಡಿರಲಿಲ್ಲ.

ಹೋಳಿ ಮುಗಿದ ವಾರ ನಾಲ್ಕು ದಿನ ರಜೆ ಬಂತು. ರಾಧಾನಗರಿಯ ಆಚೆ, ಗವಾ ಅಂದರೆ ಕಾಡುಕೋಣಗಳಿಗಾಗಿ ಕಾದಿಟ್ಟ ಕಾಡಿನ ಅಂಚಿನಲ್ಲಿ ಬಿಡಾರ ಹೂಡುವ ಯೋಜನೆ ಹಾಕಿ ಮುಖ್ಯ ಬಾಯಿಯವರ ಅಪ್ಪಣೆ ಪಡೆದೆ. ಶಿಕ್ಷಕಿಯರನ್ನು ಅಲ್ಲಿ ಬಾಯಿ ಎನ್ನುತ್ತಿದ್ದರು. ಎಂಟು ಹುಡುಗಿಯರು ಹೆಸರು ಕೊಟ್ಟರು. ಒಬ್ಬಳೇ ಹೋಗುವುದು ಬೇಡವೆಂದು ಚಿತ್ರಕಲೆಯ ಬಾಯಿಯನ್ನು ಜೊತೆ ಮಾಡಿದರು. ಐವತ್ತು ದಾಟಿದ ಹೆಂಗಸು, ಬಾಲವಿಧವೆ. ಇಪ್ಪತ್ತೈದು ವರ್ಷ ಅದೇ ಶಾಲೆಯಲ್ಲಿ ಕಳೆದವರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಅವರಿಗೆ ಏರು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಆದರೂ ಬಣ್ಣದ ಪೆಟ್ಟಿಗೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಸ್ ಸ್ಟ್ಯಾಂಡಿಗೆ ಬಂದು ಕೂತಿದ್ದರು.

ಎಂಟು ಜನರಲ್ಲಿ ತೀರ ಚಿಕ್ಕವಳೆಂದರೆ ಚಪ್ಪಲಿ ಹೊಲಿಯುವವರ ಮಗಳು. ಹದಿಮೂರು ವರ್ಷ. ಅವಳ ಅಪ್ಪ ಕಳಿಸಲು ಬಂದಿದ್ದರು. ಈ ಪ್ರವಾಸಕ್ಕೆಂದೇ ಅವಳಿಗೆ ದಪ್ಪ ಅಟ್ಟೆಯ ಹೊಸ ಚಪ್ಪಲಿ ಮಾಡಿದ್ದರು. ‘ಕಲ್ಲು ಮುಳ್ಳು ಏನೂ ಹತ್ತೂದಿಲ್ರಿ ಬಾಯಾರ, ಎರಡ ಪದರ ತೊಗಲು ಹಾಕೇನಿ’ ಎಂದು ನನಗೆ ಅವಳ ಕಾಲು ತೋರಿಸಿದರು.

ಎರಡು ಬಸ್ಸು ಬದಲಿಸಿ, ಕೊನೆಗೆ ಕಟ್ಟಿಗೆ ತರಲು ಹೋಗುವ ಖಾಲಿ ಲಾರಿಯಲ್ಲಿ ಕೂತು ಸಂಜೆಗೆ ಮುಟ್ಟಿದೆವು. ಫಾರೆಸ್ಟ್ ಗಾರ್ಡನ ಮನೆಯ ಪಕ್ಕ, ಬಾವಿಯ ಹತ್ತಿರ ಎರಡು ಡೇರೆ ಹೊಡೆದೆವು. ಗಾರ್ಡ್ ನಲವತ್ತರ ಆಸುಪಾಸಿನ ಮನುಷ್ಯ, ನಿಪ್ಪಾಣಿ ಕಡೆಯವನು, ನಮ್ಮ ಮಾತು ಕೇಳಿ ಅವನಿಗೆ ಖುಷಿಯೋ ಖುಷಿ. ಮೊದಲ ದಿನ ಅವನೇ ನಮ್ಮನ್ನು ಕರೆದುಕೊಂಡು ಹೋಗಿ ಗವಾಗಳ ಗೊರಸಿನ ಗುರುತು ತೋರಿಸಿದ. ಕಾಡು ಒಣಗಿ ನಿಂತಿತ್ತು. ಎದೆಮಟ್ಟದ ಹುಲ್ಲು ಹಳದಿಯಾಗಿ, ನಡೆದರೆ ಕಾಗದ ಮುದುರಿದಂತೆ ಸದ್ದಾಗುತ್ತಿತ್ತು. ಪಶ್ಚಿಮದಲ್ಲಿ ಒಂದು ಕಡೆ ತೆಳ್ಳಗೆ ಹೊಗೆ ಏಳುತ್ತಿತ್ತು.

‘ಅದೇನ್ರಿ?’ ಎಂದು ಅಕ್ಕಾರು ಕೇಳಿದರು.

‘ನಾಚಣಿ ರಾಗಿ ಬಿತ್ತಾಕ ಮಂದಿ ರಾಬ ಸುಡತಾರ್ರಿ. ಹೊಲದಾಗ ಟೊಂಗಿ, ಎಲಿ ಹಾಸಿ ಬೆಂಕಿ ಹಚ್ಚತಾರ. ಗಾಳಿ ಇತ್ತಾಗ ತಿರಗಿದ್ರ ನಮಗ ತ್ರಾಸ.’

ಮರುದಿನ ಬೆಳಿಗ್ಗೆ ನಾನು ಕೊಂಕಣ ಕಾಣುವ ತುದಿಗೆ ಹೋಗುವ ಮಾತು ತೆಗೆದೆ. ಗಾರ್ಡ್ ಒಂದೇ ಮಾತಿನಲ್ಲಿ ಬೇಡವೆಂದ. ‘ಇವತ್ತ ಬ್ಯಾಡ್ರಿ ಬಾಯಾರ. ಹೊಗಿ ನಿನ್ನಿಗಿಂತ ಸಮೀಪ ಬಂದೈತಿ. ನಾ ಅತ್ತಾಗ ನೋಡಿ ಬರತೇನಿ, ಆಮ್ಯಾಲ ಹೇಳತೇನಿ.’

‘ಹೊಗಿ ಗುಡ್ಡದ ಆ ಕಡೆ ಐತೆಲ್ರಿ. ನಾವು ಹತ್ತ ಗಂಟೇದ ಒಳಗ ಹೊಳ್ಳಿ ಬರತೇವಿ’ ಎಂದೆ. ನಕಾಶೆ ಓದಬಲ್ಲವಳೆಂಬ ಸೊಕ್ಕು ನನಗೆ. ಅಕ್ಕಾರು ಮೆಲ್ಲಗೆ, ‘ಅಂವಾ ಇಲ್ಲೇ ಇರಾಂವ, ತಂಗಿ. ಅವನ ಮಾತು ಕೇಳೂಣು’ ಎಂದರು. ಹುಡುಗಿಯರ ಮುಖ ಸಪ್ಪಗಾಯಿತು. ಆ ಮುಖಗಳನ್ನು ನೋಡಿ ನಾನು ಹಟ ಹಿಡಿದೆ. ಗಾರ್ಡ್ ಪಶ್ಚಿಮಕ್ಕೆ ಹೋದ ಕೂಡಲೇ ನಾವು ಹೊರಟೆವು. ನೀವು ಇಲ್ಲೇ ಇರ್ರಿ ಎಂದು ನಾನು ಅಂದರೂ ಕೇಳದೆ, ಮಕ್ಕಳನ್ನು ಬಿಟ್ಟು ಇರಲಾರೆನೆಂದು ಅಕ್ಕಾರೂ ಬಂದರು.

ಅರ್ಧ ದಾರಿಯಲ್ಲಿ ಚಿಕ್ಕವಳು ಕೂತುಬಿಟ್ಟಳು. ಹೊಸ ಚಪ್ಪಲಿ ಎರಡೂ ಹಿಮ್ಮಡಿ ಕಚ್ಚಿ ರಕ್ತ ಬಂದಿತ್ತು. ಚಪ್ಪಲಿ ತೆಗೆದು ಬದಿಗಿಟ್ಟು, ‘ನಾ ಇಲ್ಲೇ ಕೂಡತೇನ್ರಿ ಬಾಯಾರ’ ಎಂದಳು. ಒಂದು ಹುಣಾಲು ಮರದ ನೆರಳಿತ್ತು. ಅಕ್ಕಾರು, ‘ನಾನೂ ಇಕಿ ಜೋಡಿ ಕೂಡತೇನಿ, ನನಗೂ ದಮ್ಮು ಹತ್ತೇತಿ’ ಎಂದರು.

ನಾನು ಒಪ್ಪಲಿಲ್ಲ. ತುದಿಯಲ್ಲಿ ಕಡಿದಾದ ದರಿ ಇದೆ, ಏಳು ಹುಡುಗಿಯರನ್ನು ಒಬ್ಬಳೇ ಹೇಗೆ ನೋಡಿಕೊಳ್ಳಲಿ ಎಂದೆ. ಚಿಕ್ಕವಳಿಗೆ ನೀರಿನ ತಂಬಿಗೆ ಕೊಟ್ಟು, ‘ಅರ್ಧಾ ತಾಸಿನ್ಯಾಗ ಬರತೇವಿ. ಎಲ್ಲೂ ಏಳಬ್ಯಾಡ’ ಎಂದೆ. ಅವಳು ತಲೆಯಾಡಿಸಿದಳು.

ತುದಿ ಇನ್ನೂ ಒಂದು ಫರ್ಲಾಂಗು ಇರುವಾಗ ಗಾಳಿ ತಿರುಗಿತು. ಬೆನ್ನಿಗೆ ಬೀಸುತ್ತಿದ್ದುದು ಒಮ್ಮೆಲೇ ಬಲಗೆನ್ನೆಗೆ ಬಡಿಯಿತು, ಬಿಸಿಯಾಗಿ. ಕೆಳಗಿನ ಕಣಿವೆಯಿಂದ ಹಕ್ಕಿಗಳು ಗುಂಪುಗುಂಪಾಗಿ ಎದ್ದು ನಮ್ಮ ತಲೆ ಮೇಲೆ ಹಾದವು. ಆಮೇಲೆ ಸದ್ದು ಕೇಳಿಸಿತು. ನಮ್ಮೂರಿನ ನೂರು ಮಗ್ಗ ಒಟ್ಟಿಗೆ ಓಡುತ್ತಿರುವಂಥ ಸದ್ದು. ಬಲಗಡೆಯ ಇಳಿಜಾರಿನ ಹುಲ್ಲೆಲ್ಲ ಹೊಗೆಯಾಗಿ, ಹೊಗೆಯ ಬುಡದಲ್ಲಿ ಬೆಂಕಿಯ ಸಾಲು ಮೇಲೇರುತ್ತಿತ್ತು. ಮನುಷ್ಯ ಓಡುವುದಕ್ಕಿಂತ ಬೇಗ.

‘ಮ್ಯಾಲ! ಕಲ್ಲಿನ ಮ್ಯಾಲ ಓಡ್ರಿ!’ ಎಂದು ಕೂಗಿದವರು ಅಕ್ಕಾರು. ತುದಿಯ ಹತ್ತಿರ ಹುಲ್ಲಿಲ್ಲದ ಕೆಂಪು ಜಂಬಿಟ್ಟಿಗೆಯ ಹಾಸು ಇತ್ತು. ಹುಡುಗಿಯರನ್ನು ನೂಕುತ್ತ, ಎಳೆಯುತ್ತ ಅದರ ನಡುವಿಗೆ ಮುಟ್ಟಿಸಿದೆವು. ಮುಖಕ್ಕೆ ಸೆರಗು ಒತ್ತಿ ಮಕಾಡೆ ಮಲಗಿಸಿದೆವು. ನಾನು ಎಣಿಸಿದೆ. ಏಳು. ಏಳೇ ಇರಬೇಕು ಎಂದು ಗೊತ್ತಿದ್ದೂ ಮತ್ತೆ ಎಣಿಸಿದೆ.

ಕೆಳಗೆ ಹುಣಾಲು ಮರ ಇದ್ದ ಜಾಗದಲ್ಲಿ ಹೊಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ನಾನು ಎದ್ದು ಓಡಿದೆ. ಅಕ್ಕಾರು ಹಿಂದಿನಿಂದ ಸೊಂಟ ಹಿಡಿದು ನನ್ನನ್ನು ಕಲ್ಲಿನ ಮೇಲೆ ಕೆಡವಿದರು. ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾನು ಅವರ ಕೈ ಪರಚಿದೆ, ಕಚ್ಚಿದೆ. ‘ಬಿಡ್ರಿ ನನ್ನ, ಅಕಿ ಅಲ್ಲೇ ಅದಾಳ, ಏಳಬ್ಯಾಡ ಅಂತ ನಾನ ಹೇಳೇನಿ!’

‘ಈಗ ಹೋದ್ರ ನೀನೂ ಸಾಯತಿ, ಅಕಿನೂ ಸಿಗೂದಿಲ್ಲ. ಇಲ್ಲಿ ಏಳ ಮಂದಿ ಅದಾರ’ ಎಂದರು ಅವರು, ಅಳುತ್ತಲೇ. ನಾನು ಚಿಕ್ಕವಳ ಹೆಸರು ಹಿಡಿದು ಕೂಗಿದೆ. ಗಂಟಲು ಹರಿಯುವ ತನಕ ಕೂಗಿದೆ. ಬೆಂಕಿಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಬೆಂಕಿ ನಮ್ಮ ಕಲ್ಲಿನ ಎರಡೂ ಬದಿಗೆ ಸೀಳಿಕೊಂಡು ಮೇಲೆ ಹೋಯಿತು. ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಕಿಡಿ ಬಿದ್ದು ಒಬ್ಬ ಹುಡುಗಿಯ ಜಡೆ ಹೊತ್ತಿಕೊಂಡಿತು, ಅಕ್ಕಾರು ಬರಿಗೈಯಲ್ಲಿ ಆರಿಸಿದರು. ಹೊಗೆ ತೆಳುವಾದಾಗ ಸುಟ್ಟ ಇಳಿಜಾರಿನಲ್ಲಿ ಒಬ್ಬ ಮನುಷ್ಯ ಹಸಿ ಟೊಂಗೆ ಹಿಡಿದು ಏರಿ ಬರುವುದು ಕಂಡಿತು. ಗಾರ್ಡ್. ಹುಬ್ಬು ಸುಟ್ಟು ಹೋಗಿದ್ದವು. ಅವನು ಬೈಯಲಿಲ್ಲ. ‘ಎಷ್ಟ ಮಂದಿ?’ ಎಂದಷ್ಟೇ ಕೇಳಿದ.

‘ಒಬ್ಬಾಕಿ ಇಲ್ಲ’ ಎಂದೆ.

ಅಕ್ಕಾರನ್ನೂ ಹುಡುಗಿಯರನ್ನೂ ಕಲ್ಲಿನ ಮೇಲೆಯೇ ಇರಿಸಿ ನಾವಿಬ್ಬರೂ ಇಳಿದೆವು. ಬೂದಿ ಮೊಣಕಾಲಿನ ತನಕ ಹಾರುತ್ತಿತ್ತು. ಮರ ಸಿಕ್ಕಿತು, ಕಪ್ಪಾಗಿ. ಅದರ ಬುಡದಲ್ಲಿ ಹಿತ್ತಾಳೆಯ ತಂಬಿಗೆ, ಸುಟ್ಟು ಮುರುಟಿದ ಎರಡು ಚಪ್ಪಲಿ. ಹುಡುಗಿ ಇರಲಿಲ್ಲ. ಗಾರ್ಡ್ ಕೂತು ಬೂದಿಯನ್ನು ಕೈಯಿಂದ ಕೆದರಿ ನೋಡಿದ. ಅವನು ಏನು ಹುಡುಕುತ್ತಿದ್ದಾನೆಂದು ತಿಳಿದು ನಾನು ಮರದ ಆಚೆ ಬದಿಗೆ ಹೋಗಿ ನಿಂತೆ. ‘ಇಲ್ಲಿ ಇಲ್ರಿ. ಓಡ್ಯಾಳ’ ಎಂದ.

ಯಾವ ಕಡೆ ಓಡಿದ್ದಾಳೆ? ಸೂರ್ಯ ನೆತ್ತಿಗೆ ಬಂದು ಇಳಿಯುವವರೆಗೆ ಹುಡುಕಿದೆವು. ಬಿದ್ದ ದಿಮ್ಮಿಗಳೆಲ್ಲ ದೂರದಿಂದ ಮಲಗಿದ ಹುಡುಗಿಯಂತೆ ಕಾಣುತ್ತಿದ್ದವು. ಪ್ರತಿ ದಿಮ್ಮಿಯ ಹತ್ತಿರವೂ ಹೋಗಿ ಮುಟ್ಟಿ ನೋಡಿ ಮುಂದಿನದಕ್ಕೆ ಹೋಗುತ್ತಿದ್ದೆ. ಅವಳಪ್ಪನ ಮುಂದೆ ನಿಂತು ಏನು ಹೇಳಲಿ ಎಂದು ಬಾಯೊಳಗೆ ವಾಕ್ಯ ಕಟ್ಟಲು ನೋಡಿದೆ. ದರಿಯ ಕಡೆ ಹೋಗಿ ಹಾರಿಬಿಡುವ ಯೋಚನೆಯೂ ಬಂತು. ಬಂತೆಂದು ಯಾರಿಗೂ ಹೇಳಿಲ್ಲ.

ಕೊನೆಗೆ ಗಾರ್ಡನಿಗೆ ಗವಾಗಳ ಹೆಜ್ಜೆ ಕಂಡವು. ಬೂದಿಯ ಅಡಿಯಲ್ಲಿ, ಮಣ್ಣು ಕಿತ್ತುಹೋಗುವಂತೆ ಓಡಿದ ಗುರುತು. ‘ಬೆಂಕಿ ಕಂಡ್ರ ಅವು ನೀರಿಗೇ ಹೋಗತಾವ. ಬರ್ರಿ’ ಎಂದ. ಆ ಜಾಡು ಹಿಡಿದು ಒಂದು ಆಳವಾದ ಹಳ್ಳಕ್ಕೆ ಇಳಿದೆವು. ಅಲ್ಲಿ ಕಾಡುಕೋಣಗಳು ಹೊರಳಾಡುವ ಕೆಸರಿನ ಹೊಂಡವಿತ್ತು. ಕೋಣಗಳು ಹೋಗಿದ್ದವು. ಕೆಸರಿನಲ್ಲಿ ಎದೆತನಕ ಹೂತು, ಒಂದು ಬೇರನ್ನು ತಬ್ಬಿಕೊಂಡು ಅವಳು ಕೂತಿದ್ದಳು. ಕಣ್ಣು ತೆರೆದೇ ಇದ್ದವು. ನಮ್ಮನ್ನು ನೋಡಿಯೂ ನೋಡದಂತೆ.

ಗಾರ್ಡ್ ಹೊಂಡಕ್ಕೆ ಹಾರಿ ಅವಳನ್ನು ಎತ್ತಿದ. ಎತ್ತಿದಾಗ ಮೊದಲ ಸಲ ಚೀರಿದಳು. ಸುಡುವ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಿದ್ದಳು. ಪಾದಗಳನ್ನು ನಾನು ಒಮ್ಮೆ ನೋಡಿದೆ, ಮತ್ತೆ ನೋಡಲಾಗಲಿಲ್ಲ.

‘ಗವಾ ಓಡಿದ್ವು ಬಾಯಾರ, ನಾನೂ ಓಡಿದ್ನಿ,’ ಎಂದಳು. ‘ನೀವು ಏಳಬ್ಯಾಡ ಅಂದಿದ್ರಿ.’ ನನ್ನ ಮಾತು ಮೀರಿದ್ದಕ್ಕೆ ಅವಳು ಹೆದರಿದ್ದಳು.

ಮೇಲಿದ್ದವರನ್ನು ಇಳಿಸಿಕೊಂಡು, ಅದೇ ಕಟ್ಟಿಗೆಯ ಲಾರಿಯಲ್ಲಿ ಅವಳನ್ನು ಕೊಲ್ಹಾಪುರದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ತಲೆ ಅಕ್ಕಾರ ತೊಡೆಯ ಮೇಲೆ. ಮರುದಿನ ಅವಳ ಅಪ್ಪ ಬಂದರು. ಹಾಸಿಗೆಯ ಕಾಲ ಬಳಿ ನಿಂತು ಬಟ್ಟೆ ಸುತ್ತಿದ ಪಾದಗಳನ್ನು ನೋಡುತ್ತ, ‘ನಾ ಹೊಸಾ ಚಪ್ಪಲ ಹಾಕಿ ಕಳಸಬಾರದಿತ್ರಿ. ಹಳೀವ ಇದ್ದಿದ್ರ ಕಚ್ಚತಿದ್ದಿಲ್ಲ. ಕೂಸು ಎಲ್ಲಾರ ಜೋಡಿ ಮ್ಯಾಲ ಹೋಗತಿತ್ತು’ ಎಂದು ತಮ್ಮ ಹಣೆ ಬಡಿದುಕೊಂಡರು. ನಾನು ಅವರ ಎದುರಿಗೇ ನಿಂತಿದ್ದೆ. ತಪ್ಪು ನಿಮ್ಮದಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

ಶಾಲೆಯಲ್ಲಿ ವಿಚಾರಣೆ ಆಯಿತು. ಗಾರ್ಡ್ ಬೇಡವೆಂದರೂ ಹೋದವರು ಯಾರು, ಮಗುವನ್ನು ಒಂಟಿಯಾಗಿ ಬಿಟ್ಟವರು ಯಾರು ಎಂದು ಮುಖ್ಯ ಬಾಯಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕಾರು, ‘ಹಿರ್ಯಾಕಿ ನಾನು. ಎರಡೂ ನನ್ನ ನಿರ್ಧಾರ’ ಎಂದರು. ನಾನು ನೆಲ ನೋಡುತ್ತ ನಿಂತೆ. ಅವರ ಎರಡೂ ಅಂಗೈಗೆ ಪಟ್ಟಿ ಕಟ್ಟಿತ್ತು. ಹೊರಗೆ ಬಂದ ಮೇಲೆ, ‘ಯಾಕ ಹಂಗಂದ್ರಿ?’ ಎಂದು ಕೇಳಿದೆ.

‘ನನಗ ಇನ್ನ ಎಷ್ಟ ವರ್ಷ ಉಳದಾವ? ನೀ ಇನ್ನೂ ಬಾಳೇವು ಮಾಡಾಕಿ. ಸುಮ್ನಿರು’ ಎಂದರು.

ಸುಮ್ಮನಿದ್ದೆ. ಅವರಿಗೆ ರಾಜೀನಾಮೆ ಬರೆದುಕೊಡಲು ಹೇಳಿದರು; ಬರೆದುಕೊಟ್ಟು ಕೊಲ್ಹಾಪುರದ ತಮ್ಮನ ಮನೆಗೆ ಹೋದರು. ಅವರ ತರಗತಿಗಳನ್ನು ನನಗೇ ಹಚ್ಚಿದರು. ಗೋಡೆಯ ಮೇಲೆ ಅವರ ಹುಡುಗಿಯರು ಬಿಡಿಸಿದ ಚಿತ್ರಗಳು, ನನ್ನ ಕೈಯಲ್ಲಿ ಅವರ ಹಾಜರಿ ಪುಸ್ತಕ. ಎರಡು ವಾರ ಹಾಗೆ ನಡೆಯಿತು. ತರಗತಿಯಲ್ಲಿ ಎಣಿಸಲು ಶುರುಮಾಡಿದರೆ ಏಳಕ್ಕೆ ನಿಂತುಬಿಡುತ್ತಿದ್ದೆ.

ಒಂದು ಭಾನುವಾರ ಚಪ್ಪಲಿ ಹೊಲಿಯುವವರ ಮನೆಗೆ ಹೋದೆ. ಅವರು ಅಂಗಳದಲ್ಲಿ ನೆನೆಸಿದ ತೊಗಲು ಕುಟ್ಟುತ್ತಿದ್ದರು. ಮಗಳು ಇನ್ನೂ ಆಸ್ಪತ್ರೆಯಲ್ಲಿದ್ದಳು, ತಾಯಿ ಅಲ್ಲೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಗಾರ್ಡ್ ತಡೆದದ್ದು, ಅಕ್ಕಾರು ಕೂಸಿನ ಜೊತೆ ಕೂರುತ್ತೇನೆಂದದ್ದು, ನಾನು ಬೇಡವೆಂದದ್ದು. ಅವರು ಕುಟ್ಟುವುದನ್ನು ನಿಲ್ಲಿಸಿದರು.

‘ಇಷ್ಟ ದಿನ ಯಾಕ ಹೇಳಲಿಲ್ಲ?’

‘ಅಂಜಿಕಿ ಆತ್ರಿ.’

‘ನನ್ನ ಕೈಯಿಂದ ಮಗಳ ಕಾಲು ಹ್ವಾದ್ವು ಅಂತ ನಾ ಇಪ್ಪತ್ತ ದಿನಾ ಈ ರಾಂಪಿ ಮುಟ್ಟಿಲ್ಲ’ ಎಂದು ತೊಗಲು ಕತ್ತರಿಸುವ ಉಳಿ ತೋರಿಸಿದರು. ‘ಇವತ್ತ ಮೊದಲ ಸಲ ಕೆಲಸಕ್ಕ ಕೂತೇನಿ. ಹೋಗ್ರಿ ಬಾಯಾರ. ನನ್ನ ಬಾಯಿಂದ ಏನರ ಬರೂ ಮುಂದ ಹೋಗ್ರಿ.’

ಅಲ್ಲಿಂದ ನೇರವಾಗಿ ಮುಖ್ಯ ಬಾಯಿಯವರ ಮನೆಗೆ ಹೋಗಿ ಅದನ್ನೇ ಮತ್ತೆ ಹೇಳಿದೆ, ಬರೆದೂ ಕೊಟ್ಟೆ. ಆ ತಿಂಗಳೇ ನನ್ನ ನೌಕರಿ ಹೋಯಿತು, ಇಚಲಕರಂಜಿಗೆ ಮರಳಿದೆ. ಅಕ್ಕಾರಿಗೆ ತಿರುಗಿ ಬರಲು ಕಾಗದ ಹಾಕಿದರಂತೆ. ಅವರು ಬರಲಿಲ್ಲ. ನಾನು ಕೊಲ್ಹಾಪುರಕ್ಕೆ ಹೋಗಿ ಕಂಡಾಗ ಅವರ ಅಂಗೈಯ ಚರ್ಮ ಸೆಟೆದು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕುಂಚ ಹಿಡಿಯಲು ಆಗುತ್ತಿರಲಿಲ್ಲ. ನನಗೆ ಚಹಾ ಕೊಟ್ಟರು, ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು.

‘ಹೇಳಿದ್ದು ಛಲೋ ಮಾಡಿದಿ’ ಎಂದರು. ಖಾಲಿ ಬಸಿ ತಿರುಗಿ ತೆಗೆದುಕೊಳ್ಳುತ್ತ, ‘ತಡಾ ಮಾಡಿದಿ’ ಎಂದರು. ನಾನು ಕಾಲು ಮುಟ್ಟಿ ನಮಸ್ಕರಿಸಿದೆ. ತಲೆ ಮೇಲೆ ಕೈಯಿಟ್ಟರು. ಅವರು ಬದುಕಿರುವ ತನಕ ಪ್ರತಿ ದೀಪಾವಳಿಗೆ ಹೋಗಿ ಬರುತ್ತಿದ್ದೆ, ಆ ದಿನದ ಮಾತು ಇಬ್ಬರೂ ಮತ್ತೆ ತೆಗೆಯಲಿಲ್ಲ.

ಹುಡುಗಿ ಐದು ತಿಂಗಳಿಗೆ ಕೋಲು ಹಿಡಿದು ನಡೆದಳು. ಎಡಗಾಲಿನ ಬೆರಳು ಕೂಡಿಕೊಂಡವು. ಎರಡು ವರ್ಷ ಶಾಲೆ ತಪ್ಪಿದ ಮೇಲೆ ಮನೆಯಲ್ಲೇ ಓದಿ ಪರೀಕ್ಷೆಗೆ ಕೂತಳೆಂದು ಅವಳ ತಾಯಿ ಇಚಲಕರಂಜಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದರು. ಬಸ್ಸು ಬರುವವರೆಗೆ ಪಕ್ಕದಲ್ಲೇ ಕೂತಿದ್ದೆವು. ‘ಪಾಸಾಗ್ಯಾಳ್ರಿ. ಗಣಿತದಾಗ ಅಷ್ಟ ಮಾರ್ಕ ಕಡಿಮಿ ಬಿದ್ದಾವ’ ಎಂದರು. ಮನೆಗೆ ಬಾ ಎನ್ನಲಿಲ್ಲ. ಬಸ್ಸು ಬಂದಾಗ ಅವರ ಗಂಟನ್ನು ನಾನು ಎತ್ತಿ ಕೊಟ್ಟೆ, ಅವರು ತೆಗೆದುಕೊಂಡು ಹತ್ತಿದರು.