ಬಂದೂಕಿನ ಪರ ಮಾತಾಡಿದ ನನ್ನ ಮಗಳು

ಆ ಶುಕ್ರವಾರವನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಷ್ಟು ಮಜಾ, ಅಷ್ಟು ಗಾಬರಿ ಎರಡೂ ಒಟ್ಟಿಗೇ ಬಂದ ದಿನ ಇನ್ನೊಂದಿಲ್ಲ.

ನಾನು ಬಹ್ರೈನಿನಲ್ಲಿ ಬಸ್ಸು ಓಡಿಸುವವ. ಕೆಲಸಗಾರರನ್ನು ಸಿತ್ರಾದ ಕಾರ್ಖಾನೆಗೆ ಬಿಡುವುದು, ಪಾಳಿ ಮುಗಿದವರನ್ನು ವಾಪಸು ತರುವುದು. ಮನೆಯಲ್ಲಿ ಬ್ಯಾರಿ ಮಾತು, ಬಸ್ಸಿನಲ್ಲಿ ಹಿಂದಿ, ಒಂಬತ್ತನೇ ಕ್ಲಾಸಿನ ಮಗಳ ಬಾಯಲ್ಲಿ ಮೂರು ಹೊತ್ತೂ ಇಂಗ್ಲಿಷು. ಕನ್ನಡ ನಾನು ಊರಿನ ಶಾಲೆಯಲ್ಲಿ ಕಲಿತದ್ದು, ಅದರ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿಯೇ. ಅದಕ್ಕೇ ಮಗಳನ್ನು ಇಲ್ಲಿನ ಕನ್ನಡಿಗರು ನಡೆಸುವ ಚರ್ಚಾಸ್ಪರ್ಧೆಗೆ ನೂಕಿದ್ದೆ. ಹಿಂದಿನ ವರ್ಷ ಅವಳು ನಡುಮಾತಿನಲ್ಲಿ ಕನ್ನಡ ಮರೆತು ಕಂಬದ ಹಾಗೆ ನಿಂತಳು. ಸಭೆ ನಕ್ಕಿತು. ಮನೆಗೆ ಬಂದವಳು ಊಟ ಬಿಟ್ಟು ಹಟ ಹಿಡಿದಳು: ಇನ್ನೊಂದೇ ಸಲ ನೋಡುತ್ತೇನೆ, ಕಪ್ ಸಿಗದಿದ್ದರೆ ಆಮೇಲೆ ಕನ್ನಡದ ಸುದ್ದಿಯೇ ಬೇಡ. ಹೇಳಿದರೆ ಹೇಳಿದ ಹಾಗೆ ಮಾಡುವವಳು ಅವಳು, ನನ್ನ ಮಗಳಲ್ಲವೇ!

ಈ ಸಲದ ವಿಷಯ ಕೇಳಿ: 'ಸಾರ್ವಜನಿಕ ಬಸ್ಸುಗಳಲ್ಲಿ ಪ್ರಯಾಣಿಕರು ಬಂದೂಕು ಬಚ್ಚಿಟ್ಟುಕೊಂಡು ಬರಲು ಅನುಮತಿ ಇರಬೇಕು.' ಅಮೆರಿಕದಲ್ಲಿ ಇಂಥ ಚರ್ಚೆ ನಡೆಯುತ್ತದಂತೆ, ಸಂಘಟಕರಲ್ಲಿ ಯಾರದೋ ತಲೆಗೆ ಅದು ಹೊಕ್ಕಿತ್ತು. ಚೀಟಿ ಎತ್ತಿದರೆ ಮಗಳಿಗೆ ಬಂದದ್ದು ಪರ! ಎಂಥ ಸಾವು ಮಾರಾಯ್ರೆ ಇದು!

"ಉಪ್ಪಾ, ಇದಕ್ಕೆಲ್ಲ ಯೆಸ್ ಅಂತ ಹೇಗೆ ಹೇಳುದು? ಸ್ಟುಪಿಡ್ ಟಾಪಿಕ್!" ಎಂದು ಅಪ್ಪನ ಮೇಲೇ ಹರಿಹಾಯ್ದಳು.

"ವಕೀಲರು ಹೇಳುದಿಲ್ವಾ? ಹಾಗೆಯೇ. ಯಾರು ಎಂತ ಕೇಳಿದ್ರೂ ಹೌದು, ಹೌದು, ಹೌದು. ಆಚೀಚೆ ಹೋಗ್ಬಾರ್ದು, ಆಯ್ತಾ?"

ನನಗಂತೂ ಹುರುಪು ಹತ್ತಿಬಿಟ್ಟಿತು. ಮನೆಯ ಕುರ್ಚಿಗಳನ್ನೆಲ್ಲ ಸಾಲಾಗಿಟ್ಟು ನಡುಕೋಣೆಯನ್ನೇ ಬಸ್ಸು ಮಾಡಿದೆ. ನಾನು ದರೋಡೆಕೋರ, ಹೆಂಡತಿ ಪ್ರಯಾಣಿಕಳು, ಮಗಳು ದುಪಟ್ಟಾದಲ್ಲಿ ಸೌಟು ಬಚ್ಚಿಟ್ಟುಕೊಂಡ ವೀರವನಿತೆ. "ಎಲ್ಲರೂ ಮೊಬೈಲ್ ಕೊಡಿ!" ಎಂದು ನಾನು ಅಬ್ಬರಿಸಿದರೆ ಅವಳು ಸೌಟು ಎಳೆದು "ದೂರ ನಿಲ್ಲು, ದುಷ್ಟಾ!" ಎಂದು ನನ್ನ ಹೊಟ್ಟೆಗೆ ತಿವಿಯುವಳು. ನಗು ತಡೆಯಲಾಗದೆ ಮೂವರೂ ಕುರ್ಚಿಯಿಂದ ಕೆಳಗೆ.

"ನಿಮಗೆಂತ ಮರ್ಲಾ? ಕೆಳಗಿನ ಮನೆಯವರು ಪೊಲೀಸರನ್ನು ಕರೆದಾರು" ಎಂದು ಹೆಂಡತಿ ಗದರಿದಳು. ಆದರೆ ಒಳ್ಳೆಯ ಮಾತೊಂದನ್ನು ಹೇಳಿಕೊಟ್ಟವಳೂ ಅವಳೇ: "ಆಸ್ಪತ್ರೆಯಿಂದ ಒಬ್ಬಳೇ ಬರುವ ನರ್ಸಿಗೆ ಧೈರ್ಯ ಬೇಡ್ವಾ ಅಂತ ಕೇಳು." ಕೊನೆಕೊನೆಗೆ ಬಸ್ಸಿನಲ್ಲಿ ಬಂದೂಕು ಇದ್ದರೇ ಒಳ್ಳೆಯದು ಎಂದು ನನಗೇ ಅನ್ನಿಸತೊಡಗಿತ್ತು, ನೋಡಿ!

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಇಸ್ತ್ರಿ ಶರ್ಟು ಹಾಕಿ, ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸಾಲು ಹಿಡಿದೆ. ಮಗಳು ಮೈಕಿನ ಮುಂದೆ ಶುರುಮಾಡಿದಳು. ಅಬ್ಬಬ್ಬಾ! ಒಂದು ತಡವರಿಕೆ ಇಲ್ಲ, ಒಂದು ಇಂಗ್ಲಿಷ್ ಶಬ್ದ ಇಲ್ಲ. ನರ್ಸಿನ ಮಾತು ಬಂದಾಗ ಹೆಂಗಸರ ಸಾಲಿನಿಂದ ಚಪ್ಪಾಳೆಯೋ ಚಪ್ಪಾಳೆ. ಕಪ್ ನಮ್ಮದೇ ಎಂದು ಹೆಂಡತಿಯ ತೋಳು ತಿವಿದೆ.

ಆಮೇಲೆ ವಿರೋಧ ಪಕ್ಷದವಳು ಎದ್ದಳು. ಇಲ್ಲೇ ಬುಸೈತೀನ್ ಊರಿನಲ್ಲಿರುವ ಕನ್ನಡದ ಹುಡುಗಿ, ಮಗಳ ವಯಸ್ಸಿನವಳೇ, ಚುರುಕು.

"ಒಂದೇ ಪ್ರಶ್ನೆ" ಎಂದಳು. "ನಾಳೆ ಬೆಳಿಗ್ಗೆ ಅಂಥ ಬಸ್ಸು ಬಂದು ನಿಲ್ಲುತ್ತೆ. ಒಳಗೆ ಯಾರ ಹತ್ತಿರ ಬಂದೂಕಿದೆ ಅಂತ ಗೊತ್ತಿಲ್ಲ. ನೀನು ಹತ್ತುತ್ತೀಯಾ?"

ಹೌದು ಅನ್ನು, ಮಗಾ, ಹೌದು ಅನ್ನು! ನಾನು ಕುರ್ಚಿಯ ತುದಿಗೆ ಬಂದಿದ್ದೆ. ಒಂದು ಶಬ್ದ ಹೇಳಿದರೆ ಗೆದ್ದ ಹಾಗೆ. ಮಗಳು ಬಾಯಿ ತೆರೆದಳು. ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು. ಹಿಂದೆ ಯಾರೋ ಕಿಸಕ್ಕೆಂದರು. ಅಯ್ಯೋ, ಮತ್ತೆ ಹಿಂದಿನ ವರ್ಷದ ಗತಿಯೇ!

"ನಾನು ಹತ್ತುವುದಿಲ್ಲ" ಎಂದಳು ಮಗಳು. "ಬೇರೆ ಬಸ್ಸಿಗೆ ಕಾಯುತ್ತೇನೆ. ನೀನೂ ಕಾಯಬಹುದು. ಆದರೆ ನನ್ನ ಅಪ್ಪ ಡ್ರೈವರ್. ಅವರು ಬಾಗಿಲು ತೆಗೆದು ಎಲ್ಲರನ್ನೂ ಹತ್ತಿಸಿಕೊಳ್ಳಬೇಕು. ಆಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತುಕೊಳ್ಳಬೇಕು."

ಅಷ್ಟು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ಇಷ್ಟು ವರ್ಷ ಬಸ್ಸು ಓಡಿಸಿದ ನನಗೆ ನನ್ನ ಬೆನ್ನಿನ ನೆನಪು ಒಂದು ದಿನವೂ ಬಂದದ್ದಿಲ್ಲ. ಅವಳಿಗೆ ಬಂದಿತ್ತು. ಖುಷಿಗೆ ಏನು ಮಾಡಬೇಕೆಂದೇ ತೋಚಲಿಲ್ಲ.

ಕಪ್ ಬುಸೈತೀನಿನ ಹುಡುಗಿಗೆ ಹೋಯಿತು. ತನ್ನ ಪಕ್ಷವನ್ನು ತಾನೇ ಬಿಟ್ಟುಕೊಟ್ಟವರಿಗೆ ಬಹುಮಾನ ಕೊಡಲಾಗದು ಎಂದರು ತೀರ್ಪುಗಾರರು. ನ್ಯಾಯವೇ. ಆದರೂ ನಾನು ಎದ್ದು ನಿಂತು, ಬಾಯಿಗೆ ಎರಡು ಬೆರಳಿಟ್ಟು, ಸಭಾಂಗಣ ಹಾರಿಹೋಗುವಂತೆ ಶಿಳ್ಳೆ ಹೊಡೆದೆ. ಹೆಂಡತಿ ನಾಚಿ ನನ್ನ ಶರ್ಟು ಹಿಡಿದು ಎಳೆದಳು.

ಮಗಳು ಕೆಂಪು ಕಣ್ಣು ಮಾಡಿಕೊಂಡು ಕೆಳಗಿಳಿದು ಬಂದಳು. ಸಮಾಧಾನ ಮಾಡಲು ಹೋದರೆ ಎಲ್ಲರ ಎದುರಿಗೇ, ಕನ್ನಡದಲ್ಲೇ, ನನಗೇ ಬೈದಳು:

"ಎಲ್ಲ ನಿಮ್ಮಿಂದ! ಎದುರಿಗೇ ಬಂದು ಕೂತಿದ್ರಿ. ನಿಮ್ಮ ಮುಖ ನೋಡ್ಕೊಂಡು ಹೌದು ಅಂತ ಹೇಗೆ ಹೇಳುದು? ಬರುವ ವರ್ಷ ಕಡೇ ಸಾಲಲ್ಲಿ ಕೂತ್ಕೊಳ್ಳಿ, ಆಯ್ತಾ?"