ನಾನೆಲ್ಲಿ ಎಡವಿದೆ

ಬಂದವರ ಸಂಕಟವನ್ನೆಲ್ಲ ಕೇಳಿಸಿಕೊಂಡ ಮೇಲೆ ಆಪ್ತಸಮಾಲೋಚಕಿ ತಪ್ಪದೆ ಒಂದು ಮಾತು ಕೇಳುತ್ತಾಳೆ: "ಇವತ್ತು ನಾನೆಲ್ಲಿ ಎಡವಿದೆ, ಹೇಳಿ." ಹೀಗೆ ಕೇಳಿದರೆ ಬಂದವರು ಬೇಗ ಚೇತರಿಸಿಕೊಳ್ಳುತ್ತಾರೆಂದು ಸಂಶೋಧನೆಯೊಂದರಲ್ಲಿ ಓದಿದ್ದಾಳೆ. ಆ ಚಟ ಮನೆಗೂ ಅಂಟಿಕೊಂಡಿದೆ. ಜಗಳವಾಡಿ ಪೇಪರಿನ ಹಿಂದೆ ಅಡಗಿದ ಗಂಡನನ್ನೂ ಕೇಳುತ್ತಾಳೆ. "ಈಗ ಓದೋಕೆ ಬಿಡ್ತಿಲ್ವಲ್ಲ, ಅಲ್ಲೇ" ಎನ್ನುತ್ತಾನೆ ಅವನು. ಅತ್ತೆಯಂತೂ ಈ ಪ್ರಶ್ನೆಗೆಂದೇ ಕಾದು ಕೂತವರಂತೆ ಮದುವೆಯ ದಿನದಿಂದಲೇ ಶುರು ಮಾಡುತ್ತಾರೆ. ಇವಳು "ಹೌದತ್ತೆ" ಎಂದು ತಲೆಯಾಡಿಸುತ್ತ ಕೊನೆಯವರೆಗೂ ಕೇಳುತ್ತಾಳೆ. ಗುರುವಾರ ಸಂಜೆ ನಾಲ್ಕಕ್ಕೆ ಮಾತ್ರ ಅವಳು ಯಾರಿಗೂ ಸಮಯ ಕೊಡುವುದಿಲ್ಲ. ಎದುರಿನ ಕುರ್ಚಿಯ ಧೂಳು ಒರೆಸಿ, ಬಾಗಿಲು ತೆರೆದಿಟ್ಟು ಸುಮ್ಮನೆ ಕೂರುತ್ತಾಳೆ. ಅದು, ಈ ಪ್ರಶ್ನೆ ಕೇಳುವುದನ್ನು ಅವಳಿನ್ನೂ ಕಲಿಯದಿದ್ದ ಕಾಲದಲ್ಲಿ, "ಮುಂದಿನ ವಾರ ಬರ್ತೀನಿ ಮೇಡಂ" ಎಂದು ನಕ್ಕು ಹೋಗಿ ಮತ್ತೆಂದೂ ಬಾರದ ಹುಡುಗಿಗೆ ಕೊಟ್ಟಿದ್ದ ಹೊತ್ತು.