ತಲೆಗೆ ಬಟ್ಟೆ ಸುತ್ತಿಕೊಂಡ ಬೆಳ್ಳಿಯ ಹೆಂಗಸು

ನಮ್ಮ ಬೀದಿಯಲ್ಲಿ ಮನುಷ್ಯರನ್ನು ತಲೆ ನೋಡಿ ಅಳೆಯುವವರು ಇಬ್ಬರು. ಒಬ್ಬ ನಾನು, ಹಳೆಯ ನಾಣ್ಯ, ಹಳೆಯ ಗಡಿಯಾರ, ಹಳೆಯ ಹಿತ್ತಾಳೆ ಮಾರುವವನು. ಬಾಗಿಲಲ್ಲಿ ತಲೆ ಕಂಡ ಕೂಡಲೇ ಇದು ಕೊಳ್ಳುವ ತಲೆಯೋ, ಬರೀ ಬೆಲೆ ಕೇಳಿ ಹೋಗುವ ತಲೆಯೋ ಎಂದು ಹೇಳಬಲ್ಲೆ. ಇನ್ನೊಬ್ಬ ಎದುರು ಸಾಲಿನ ಕ್ಷೌರದಂಗಡಿಯವನು. ಬಲಗಿವಿಯ ಮೇಲೆ ಸದಾ ಬಾಚಣಿಗೆ ಸಿಕ್ಕಿಸಿಕೊಂಡಿರುವುದರಿಂದ ಅವನಿಗೆ ಬಾಚಣಿಗೆ ಎಂದೇ ಹೆಸರು ಬಿದ್ದಿದೆ. ನನ್ನ ತಲೆಯ ಮೇಲೆ ಹೇಳಿಕೊಳ್ಳುವುದಕ್ಕೂ ಒಂದು ಎಳೆ ಕೂದಲಿಲ್ಲ. ಹಾಗಾಗಿ ಅವನು ನನ್ನನ್ನು ಕಸುಬಿನ ಶತ್ರು ಎಂದು ಕರೆಯುತ್ತಾನೆ. ಗಡ್ಡ ಹೆರೆಯುವುದರಲ್ಲಿ ಮಾತ್ರ ನನ್ನಿಂದ ಅವನಿಗೆ ಒಂದಿಷ್ಟು ವ್ಯಾಪಾರ.

ಅವನದು ಒಂದೇ ಕೋಣೆಯ ಅಂಗಡಿ. ನಡುವೆ ಹೂವಿನ ಪರದೆ. ಪರದೆಯ ಈಚೆ ಗಂಡಸರು ಮತ್ತು ಅವನು, ಆಚೆ ಹೆಂಗಸರು ಮತ್ತು ಅವನ ಹೆಂಡತಿ. ಅವಳನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಾರೆ, ಅವಳಿಗಿಂತ ದೊಡ್ಡವರೂ ಕೂಡ. ಆಚೆಯಿಂದ ಬರುವ ನಗು ಕೇಳುವುದಕ್ಕೆಂದೇ ಈಚೆಯ ಗಂಡಸರು ಸಾಲಿನಲ್ಲಿ ತಮ್ಮ ಸರದಿ ಬಿಟ್ಟುಕೊಡುತ್ತಿದ್ದರು.

ಬಾಚಣಿಗೆಗೆ ಗ್ರೀಕ್ ನಾಣ್ಯಗಳ ಹುಚ್ಚು ಹಿಡಿದದ್ದು ನನ್ನ ಅಂಗಡಿಯಲ್ಲೇ. ಒಂದು ಮಧ್ಯಾಹ್ನ ಗಿರಾಕಿಯಿಲ್ಲದೆ ಬಂದು ಕೂತವನು, ಗಾಜಿನ ಪೆಟ್ಟಿಗೆಯಲ್ಲಿದ್ದ ಬೆಳ್ಳಿಯ ಬಿಲ್ಲೆಯೊಂದನ್ನು ಭೂತಗನ್ನಡಿಯಲ್ಲಿ ನೋಡಿ ಕೇಳಿದ:

“ಇವಳಿಗೆ ಜಡೆ ಹಾಕಿದೋರು ಯಾರು ಸಾಹುಕಾರ್ರೇ?”

“ಹಾಕಿದೋರು ಸತ್ತು ಎರಡು ಸಾವಿರ ವರ್ಷದ ಮೇಲಾಯ್ತು ಕಣಯ್ಯಾ.”

“ಆಳು ಸತ್ರೇನು, ಕೈ ಸತ್ತಿಲ್ಲ ನೋಡಿ. ಕಿವಿ ಹಿಂದೆ ಆ ಎಳೆ ತಾನಾಗೇ ಬಿದ್ದಿದ್ದಲ್ಲ, ಬೇಕೂಂತಲೇ ಬಿಟ್ಟಿದ್ದು. ನಾನಾಗಿದ್ರೂ ಅಲ್ಲೇ ಬಿಡ್ತಿದ್ದೆ.”

ನಾಣ್ಯ ಕೂಡಿಡುವವರು ಬಗೆಬಗೆಯವರು. ಒಬ್ಬ ತೂಕ ನೋಡುತ್ತಾನೆ, ಒಬ್ಬ ಅಂಚು ನೋಡುತ್ತಾನೆ, ಒಬ್ಬ ಯಾವ ಊರಿನದು, ಯಾವ ಕಾಲದ್ದು ಎಂದು ಪುಸ್ತಕ ತಿರುವಿಹಾಕುತ್ತಾನೆ. ಇವನು ನೋಡುತ್ತಿದ್ದದ್ದು ಕೂದಲು. ಬರೀ ಕೂದಲು. ಎಲ್ಲರೂ ಬಾಯಲ್ಲಿ ನೀರೂರಿಸುವ ಅಥೆನ್ಸಿನ ಗೂಬೆ ನಾಣ್ಯ ತೋರಿಸಿದರೆ, ದೇವಿಯ ಮುಖ ನೋಡಿ ಅತ್ತ ತಳ್ಳಿದ. “ತಲೆ ಮೇಲೆ ಲೋಹದ ಟೋಪಿ ಹಾಕ್ಕೊಂಡಿರೋಳಿಗೆ ನನ್ನ ಹತ್ರ ಏನು ಕೆಲಸ?” ಗೂಬೆಯ ಕಡೆ ತಿರುಗಿಸಿ ಸಹ ನೋಡಲಿಲ್ಲ. ಆ ಕಾಲದಲ್ಲಿ ಅಚ್ಚನ್ನು ಕೈಯಿಂದಲೇ ಕೊರೆಯಬೇಕಿತ್ತು, ಉಬ್ಬಾಗಿ ಕಾಣಬೇಕಾದದ್ದನ್ನು ತಗ್ಗಾಗಿ, ಬಲಕ್ಕೆ ಬರಬೇಕಾದದ್ದನ್ನು ಎಡಕ್ಕೆ, ಎಂದು ನಾನು ಹೇಳಿದ ದಿನ ಮಾತ್ರ ಅವನು ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡ. “ನಾನೂ ಗಿರಾಕಿ ಮುಖ ನೋಡೋದು ಕನ್ನಡಿಯೊಳಗೇ ಅಲ್ವೇ,” ಎಂದ ಆಮೇಲೆ, ದೂರದ ನೆಂಟನೊಬ್ಬನ ವಿಳಾಸ ಸಿಕ್ಕಿದವನ ಹಾಗೆ.

ಹೀಗೆ ನನ್ನಿಂದ ಅಗ್ಗಕ್ಕೆ ಕೊಂಡು ಅವನು ಸೇರಿಸಿದ ಚಿಲ್ಲರೆಯಲ್ಲಿ ಸಿನೋಪೆ ಎಂಬ ಊರಿನ ನಾಣ್ಯವೂ ಒಂದಿತ್ತು. ಕಪ್ಪು ಸಮುದ್ರದ ದಂಡೆಯ ಊರು ಅದು. ಒಂದು ಕಡೆ ಮೀನಿನ ಮೇಲೆ ನಿಂತ ಹದ್ದು. ಆ ಹದ್ದಿನ ರೆಕ್ಕೆಯ ಮೇಲೆ ಆ ಕಾಲದ ಯಾವನೋ ವ್ಯಾಪಾರಿ ಒಳಗೂ ಬೆಳ್ಳಿಯೇ ಹೌದೋ ಅಲ್ಲವೋ ಎಂದು ಉಳಿಯಲ್ಲಿ ಒಂದೇಟು ಹಾಕಿದ್ದ. ನನ್ನ ಕುಲಬಾಂಧವ, ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ. ಇನ್ನೊಂದು ಕಡೆ ಹೆಣ್ಣಿನ ತಲೆ. ಹಣೆಯಿಂದ ಹಿಂದಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ ಕೂದಲನ್ನೆಲ್ಲ ಒಳಗೆ ಸೇರಿಸಿದ್ದಳು. ಹಣೆಯ ಮೇಲೆ ಇದ್ದಿರಬಹುದಾದ ನಾಲ್ಕು ಎಳೆಯೂ ಕೈಯಿಂದ ಕೈಗೆ ದಾಟಿ ದಾಟಿ ಸವೆದು ನುಣ್ಣಗಾಗಿತ್ತು.

“ಇವಳು ನಿಮ್ಮ ಕಡೆಯವಳು,” ಎಂದು ನನ್ನ ತಲೆಯತ್ತ ನೋಡಿ, ಅವಳನ್ನೂ ಇನ್ನೂ ಒಂದು ಬೊಗಸೆ ನಾಣ್ಯವನ್ನೂ ನನಗೆ ಕೊಟ್ಟು ಒಂದೇ ಒಂದನ್ನು ಕೊಂಡೊಯ್ದ. ಅದು ಲಾರಿಸ್ಸಾ ಊರಿನದು. ಅದರಲ್ಲಿ ಹೆಣ್ಣಿನ ಮುಖ ಪಕ್ಕಕ್ಕಿಲ್ಲ, ನೇರ ನಮ್ಮನ್ನೇ ನೋಡುತ್ತದೆ, ಕೂದಲು ಎರಡೂ ಕಡೆ ಈಗ ತಾನೇ ಬಿಚ್ಚಿದಂತೆ ಅಲೆಯಲೆಯಾಗಿ ಹರಡಿದೆ. ಆ ವಿನಿಮಯಕ್ಕೆ ನಾವಿಬ್ಬರೂ ಒಂದು ಮಳೆಗಾಲವಿಡೀ ಚೌಕಾಸಿ ಮಾಡಿದ್ದೆವು. ಅವನು ಅದನ್ನು ಕತ್ತರಿ, ಕತ್ತಿಗಳ ಡ್ರಾಯರಿನಲ್ಲಿ ಹತ್ತಿಯ ಮೇಲೆ ಮಲಗಿಸಿದ. ಅಕ್ಕ ಅದಕ್ಕೆ “ಸವತಿ” ಎಂದು ಹೆಸರಿಟ್ಟಳು.

ವರ್ಷಗಳ ಮೇಲೆ ಅಕ್ಕನಿಗೆ ದೊಡ್ಡ ಕಾಯಿಲೆ ಬಂತು. ಕಾಯಿಲೆ ಹೋಯಿತು, ಹೋಗುವಾಗ ಔಷಧಿ ಅವಳ ಕೂದಲನ್ನೂ ಕರೆದುಕೊಂಡು ಹೋಯಿತು. ಮೈಗೆ ಬಲ ಬಂದಮೇಲೂ ಅವಳು ಅಂಗಡಿಗೆ ಬರಲಿಲ್ಲ. ಪರದೆಯ ಆಚೆ ಕುರ್ಚಿ ಖಾಲಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಅವಳಿಗೆ ಬೆಟ್ಟವಾಯಿತು.

“ತಲೆ ಬಾಚೋಳಿಗೇ ತಲೆಯಿಲ್ಲ ಅಂತ ಜನ ನಗಬೇಕಾ?” ಎಂದಳಂತೆ ಗಂಡನಿಗೆ.

ಅವನು ಕೂದಲು ಕೊಂಡು ತಂದು, ಬಲೆಯ ಮೇಲೆ ಒಂದೊಂದೇ ಎಳೆ ಗಂಟು ಹಾಕಿ, ಬೆನ್ನ ತನಕ ಬರುವ ಟೋಪನ್ ಕಟ್ಟಿದ. ಅಷ್ಟು ಚೆಂದದ ಕೆಲಸ ಅವನ ಕೈಯಿಂದ ಮತ್ತೆ ಆಗಿಲ್ಲ. ಅಕ್ಕ ಒಂದು ಸಲ ತಲೆಗಿಟ್ಟು, ಕನ್ನಡಿ ನೋಡಿ, ತೆಗೆದು ಮೂಲೆಗೆ ಎಸೆದಳು. ಯಾರ ತಲೆಯದೋ ತನ್ನ ತಲೆಗೆ ಬೇಡ. ಬಟ್ಟೆ ಸುತ್ತಿಕೋ ಅಂದರೆ ಅದೂ ಬೇಡ. ಬಟ್ಟೆ ಸುತ್ತಿಕೊಂಡರೆ ಕಾಯಿಲೆಯವಳು ಎಂದು ತಾನೇ ಡಂಗುರ ಹೊಡೆದಂತೆ.

ಆಗ ಒಂದು ಸಂಜೆ ಬಾಚಣಿಗೆ ನನ್ನ ಅಂಗಡಿಗೆ ಬಂದ.

“ಆ ಬಟ್ಟೆ ಸುತ್ತಿಕೊಂಡವಳು ಇದ್ದಾಳಾ?”

ಇದ್ದಳು. ಸವೆದ ತಲೆಗೆ ಗಿರಾಕಿ ಎಲ್ಲಿ? ಆದರೆ ತಾನಾಗಿ ಕೇಳಿಕೊಂಡು ಬಂದವನ ಮುಂದೆ ಮಾಲು ಬಿದ್ದಿದೆ ಎನ್ನುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. “ಇದ್ದಾಳೆ. ಸುಮ್ಮನೆ ಬರಲ್ಲ. ಸವತಿ ಕೊಟ್ರೆ ಬರ್ತಾಳೆ,” ಎಂದೆ. ಮಳೆಗಾಲದ ಚೌಕಾಸಿ ಇನ್ನೊಂದು ಸಲ ಆಗಲಿ, ಅವನ ಮುಖ ಸ್ವಲ್ಪ ಅರಳಲಿ ಎಂದು ದೊಡ್ಡ ಬೆಲೆಯಿಂದ ಶುರುಮಾಡಿದ್ದು.

ಅವನು ಜೇಬಿನಿಂದ ಹತ್ತಿಯ ಪೊಟ್ಟಣ ತೆಗೆದು ಗಾಜಿನ ಮೇಲಿಟ್ಟ. ಬಿಚ್ಚಿ ಒಂದು ಸಲ ನೋಡಿದ. ಸಿನೋಪೆಯವಳನ್ನು ಎತ್ತಿಕೊಂಡು ರಸ್ತೆ ದಾಟಿ ಹೋಗೇಬಿಟ್ಟ.

ಚೌಕಾಸಿಯಿಲ್ಲದೆ ಬಂದ ಮಾಲು ವ್ಯಾಪಾರಿಯ ಗಂಟಲಲ್ಲಿ ಇಳಿಯುವುದಿಲ್ಲ. ಲಾರಿಸ್ಸಾದವಳು ನನ್ನನ್ನು ನೆಟ್ಟಗೆ ನೋಡುತ್ತಿದ್ದಳು. ಪಕ್ಕಕ್ಕೆ ತಿರುಗಿದ ಮುಖವಾದರೂ ಆಗಬಾರದಿತ್ತೇ ಎನಿಸಿತು.

ಬೆಳಗ್ಗೆ ಗಡ್ಡದ ನೆಪ ಮಾಡಿಕೊಂಡು ಹೋದೆ. ಬಾಚಣಿಗೆ ನನ್ನ ಮುಖಕ್ಕೆಲ್ಲ ಸೋಪು ಬಳಿದು, “ಬಂದೆ,” ಎಂದು ಪರದೆಯ ಆಚೆ ಹೋದ. ಆಚೆ ಅಕ್ಕನ ದನಿ. ಗಿರಾಕಿಗಳು ಬರುವ ಮುಂಚೆ ಹಿಂದಿನ ಬಾಗಿಲಿಂದ ಕರೆತಂದಿದ್ದಾನೆ.

“ಇವಳು ಯಾರ್ರೀ?”

“ಒಂದು ಊರಿನೋಳು. ಊರೋರು ತಮ್ಮ ದುಡ್ಡಿನ ಮೇಲೆ ಕೂರಿಸೋಕೆ ಇವಳನ್ನೇ ಆರಿಸಿದ್ರಂತೆ.”

“ಬಟ್ಟೆ ಸುತ್ತಿಕೊಂಡವಳನ್ನಾ?”

“ಹೂಂ. ಕಾಯಿಲೆಯವಳ ಥರ ಕಾಣ್ತಾಳಾ?”

ನನ್ನ ಕೆನ್ನೆಯ ಮೇಲೆ ಸೋಪು ಒಣಗತೊಡಗಿತು.

“ಇಲ್ಲ,” ಎಂದಳು ಅಕ್ಕ ಕಡೆಗೆ. “ಗರ್ವದವಳ ಥರ ಕಾಣ್ತಾಳೆ. ಇದನ್ನ ಹಣೆಯಿಂದ ಸುತ್ತಿಲ್ಲ ಅವರು. ನೋಡಿ, ಕತ್ತಿಂದ ಮೇಲಕ್ಕೆ ತಂದು ಹಣೆ ಮೇಲೆ ಬಿಗಿದು, ತುದಿ ಹಿಂದಕ್ಕೆ ಸೇರಿಸಿದಾರೆ. ಆ ನೀಲಿ ಬಟ್ಟೆ ಕೊಡಿ. ನೀವು ಬಿಡಿ, ನಿಮಗೆ ಬರಲ್ಲ, ನಾನೇ ಸುತ್ಕೋತೀನಿ.”

ಬಟ್ಟೆ ಎಳೆದು ಬಿಗಿಯುವ ಸದ್ದು. ಬಿಚ್ಚಿದ ಸದ್ದು. ಮತ್ತೆ ಸುತ್ತಿದ ಸದ್ದು. ಆಮೇಲೆ ಬಾಚಣಿಗೆಯ ದನಿ, ಬಹಳ ಮೆಲ್ಲಗೆ: “ಇವತ್ತು ಕುರ್ಚಿ ಹತ್ರ ನಿಂತ್ಕೋತೀಯಾ?”

“ನಾಳೆ ನೋಡೋಣ,” ಎಂದಳು ಅಕ್ಕ.

ಆ ನಾಳೆ ಎಂಥದ್ದು ಎಂದು ನನಗೆ ಗೊತ್ತು. ಬೆಲೆ ಕೇಳಿ ಹೋಗುವ ಗಿರಾಕಿಗಳು ಹೇಳುವ ನಾಳೆ ಅದು. ಸೋಪು ಬಳಿದ ಬಾಯನ್ನು ತೆರೆಯಬಾರದು, ಆದರೂ ತೆರೆದೆ.

“ಬಾಚಣಿಗೆ, ಅಕ್ಕನ ಸವತಿ ನನ್ನ ಪೆಟ್ಟಿಗೇಲಿ ಸುಖವಾಗಿದ್ದಾಳೆ. ನಾಡಿದ್ದು ಒಬ್ಬ ಗಿರಾಕಿ ಬರ್ತಾನೆ, ತಗೊಂಡು ಹೋಗ್ತಾನೆ.”

“ಏನಂದೆ?” ಅಕ್ಕನ ದನಿ ಏರಿತು. “ಏನ್ರೀ ಅವನು ಹೇಳ್ತಿರೋದು? ಅವಳನ್ನ ಕೊಟ್ಟು ಇವಳನ್ನ ತಂದ್ರಾ? ಒಂದು ಮಾತಾದ್ರೂ ಚೌಕಾಸಿ ಮಾಡಿದ್ರಾ?”

“ಮಾಡಲಿಲ್ಲ ಕಣೇ.”

“ಅಯ್ಯೋ ನಿಮ್ಮ ತಲೆಗಿಷ್ಟು!”

ಪರದೆ ಸರ್ರೆಂದು ಸರಿಯಿತು. ನೀಲಿ ಬಟ್ಟೆ ಬಿಗಿದ ತಲೆ ಎತ್ತಿಕೊಂಡು ಅಕ್ಕ ಬಂದಳು. ಒಂದು ಕೈಯಲ್ಲಿ, ಪರದೆಯ ಆಚೆ ಗೂಟಕ್ಕೆ ಬಾಚಣಿಗೆ ತೂಗುಹಾಕಿದ್ದ ಆ ಟೋಪನ್. ಇನ್ನೊಂದು ಕೈಯಲ್ಲಿ ನನ್ನ ತೋಳು.

“ಏಳಯ್ಯಾ! ನಮ್ಮ ಯಜಮಾನ್ರ ಮುಖ ನೋಡಿ ಕೊಳ್ಳೆ ಹೊಡೆಯೋಕೆ ನಿನಗೆ ನಾಚಿಕೆ ಆಗಲ್ವಾ?”

“ಅಕ್ಕ, ಸೋಪು...”

“ಸೋಪು ನಿನ್ನ ಮುಖಕ್ಕೆ ತಾನೇ, ಕಾಲಿಗಲ್ವಲ್ಲ. ನಡಿ!”

ಹೀಗೆ ಬಿಳಿಮುಖದ ನನ್ನನ್ನು ಎಳೆದುಕೊಂಡು ಅವಳು ಬೀದಿ ದಾಟಿದಳು. ಹಣ್ಣಿನ ಗಾಡಿಯವನು ನೋಡಿದ, ಹೊಲಿಗೆಯವಳು ನೋಡಿದಳು, ಬಸ್ಸಿಗೆ ಕಾದವರೆಲ್ಲ ನೋಡಿದರು. ನೋಡಿದ್ದು ನನ್ನನ್ನೇ. ನಕ್ಕಿದ್ದೂ ನನ್ನನ್ನು ನೋಡಿಯೇ. ಹೊಲಿಗೆಯವಳು ಮಾತ್ರ, “ಅಕ್ಕಾ, ಬಟ್ಟೆ ಹೇಗೆ ಸುತ್ತಿದ್ರಿ? ನನಗೂ ಹೇಳ್ಕೊಡಿ,” ಎಂದು ಕೂಗಿದಳು.

“ಮಧ್ಯಾಹ್ನ ಅಂಗಡಿಗೆ ಬಾ!” ಎಂದಳು ಅಕ್ಕ, ನಡಿಗೆ ನಿಲ್ಲಿಸದೆ.

ನನ್ನ ಗಾಜಿನ ಪೆಟ್ಟಿಗೆಯ ಮುಂದೆ ಅವಳು ಟೋಪನ್ ಹಾಕಿದಳು. ಲಾರಿಸ್ಸಾದವಳಿಗೆ ಬದಲು ಇದು.

“ಇದನ್ನ ತಗೊಂಡು ನಾನೇನು ಮಾಡಲಕ್ಕಾ?”

“ಕನ್ನಡಿ ಮುಂದೆ ನಿಂತ್ಕೋ, ಗೊತ್ತಾಗುತ್ತೆ. ನಮ್ಮ ಮನೇಲಿ ಇದರ ಅಗತ್ಯ ಯಾರಿಗೂ ಇಲ್ಲ.”

ಚೌಕಾಸಿ ಮಾಡಿದೆ, ಇಲ್ಲದಿದ್ದರೆ ಕಸುಬಿಗೆ ಅವಮಾನ. ಅವಳು ಬಗ್ಗಲಿಲ್ಲ. ಲಾರಿಸ್ಸಾದವಳು ಹತ್ತಿಯೊಳಗೆ ಸೇರಿ ತವರಿಗೆ ಹೊರಟಳು, ಸಿನೋಪೆಯವಳೂ ಅಕ್ಕನ ಹತ್ತಿರವೇ ಉಳಿದಳು. ಎರಡು ಗ್ರೀಕ್ ನಾಣ್ಯಕ್ಕೆ ಒಂದು ಟೋಪನ್. ನನ್ನ ಅಪ್ಪ ಇದ್ದಿದ್ದರೆ ಅಂಗಡಿಯ ಬೀಗದಕೈ ಕಿತ್ತುಕೊಳ್ಳುತ್ತಿದ್ದ.

ಟೋಪನ್ ಈಗ ನನ್ನ ಕಿಟಕಿಯಲ್ಲಿ, ಒಂದು ಹಿತ್ತಾಳೆ ಚೆಂಬಿನ ಮೇಲಿದೆ. ಯಾರೂ ಕೊಂಡಿಲ್ಲ. ಕೊಳ್ಳುವವರು ಬಂದರೂ ಬೆಲೆ ಹೇಳುವ ಮನಸ್ಸಾಗುವುದಿಲ್ಲ. ಬಾಚಣಿಗೆ ಆಗಾಗ ಬಂದು ಕಿವಿಯ ಮೇಲಿನ ಬಾಚಣಿಗೆ ತೆಗೆದು ಅದನ್ನು ಬಾಚುತ್ತಾನೆ, ಬಿದ್ದ ಮಾಲಾದರೂ ಸಿಕ್ಕುಗಟ್ಟಬಾರದಂತೆ. ಬಾಚುತ್ತಾ ಒಂದು ಕಿವಿಯನ್ನು ರಸ್ತೆಯ ಕಡೆಗೆ ಇಟ್ಟಿರುತ್ತಾನೆ. ಪರದೆಯ ಆಚೆಯ ನಗು ಇಲ್ಲಿಯ ತನಕ ಕೇಳುತ್ತದೆ.